ಒತ್ತಿಲ್ಲದ ಕನ್ನಡ ನಮಗೆ ಬೇಡ

ಹೋದ ವರ್ಷ ನಮ್ಮ ಸೀಮೆಯ ಒಂದು ಕನ್ನಡ ಸಮಾರಂಭದ ಹೆಬ್ಬಾಗಿಲಿನಲ್ಲಿ, ಬಾಡಿಗೆಗೆ ತಂದ ಎಲ್‌ಇಡಿ ಫಲಕವೊಂದನ್ನು ಕಟ್ಟಿದ್ದರು. ಕೆಂಪು ಚುಕ್ಕಿಗಳ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದವು. ‘ಕನ್ನಡ ಸಮ್ಮೇಳನಕ್ಕೆ ಸ್ವಾಗತ’ ಎಂದಿರಬೇಕಾದ ವಾಕ್ಯವು ‘ಕನಡ ಸಮೇಳನಕೆ ಸಾಗತ’ ಎಂದು ಓಡುತ್ತಿತ್ತು. ಅಕ್ಷರಗಳ ತಲೆ ಸರಿಯಾಗಿತ್ತು, ಮೈ ಸರಿಯಾಗಿತ್ತು. ಕೆಳಗೆ ಬರಬೇಕಾದ ಒತ್ತುಗಳೆಲ್ಲ ಫಲಕದ ಕೆಳ ಅಂಚಿನಲ್ಲಿ ಕತ್ತರಿಸಿಹೋಗಿದ್ದವು. ಬನ್ನಿರಿ ಎಂದು ಕರೆಯಬೇಕಾಗಿದ್ದ ಸ್ವಾಗತವು, ಮುಂದಕ್ಕೆ ಸಾಗಿರಿ ಎನ್ನುವ ಸಾಗತವಾಗಿ ಪರಿಣಮಿಸಿತ್ತು. ಅದರಡಿಯಲ್ಲಿಯೇ ನೂರಾರು ಜನ ಒಳಬಂದರು. ಶಾಲು ಹೊದೆಸಿದವರು, ಹೊದೆಸಿಕೊಂಡವರು, ನಾಡುನುಡಿಯ ಉಳಿವಿನ ಬಗೆಗೆ ಗಂಟೆಗಟ್ಟಲೆ ಮಾತನಾಡಿದವರು ಎಲ್ಲರೂ ಬಂದರು. ಯಾರೂ ಏನೂ ಅನ್ನಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳ ಕಾಗುಣಿತ ತಿದ್ದಿದ ನಾವೂ ಅನ್ನಲಿಲ್ಲ. ಕಂಡವನು ಒಬ್ಬನೇ, ಏಳು ವರ್ಷದ ನಮ್ಮ ಮೊಮ್ಮಗ. ‘ತಾತ, ಕನಡ ಅಂದ್ರೆ ಏನು?’ ಎಂದು ಕೇಳಿದ.

ಓದು ಬಲ್ಲವನು ಅಕ್ಷರವನ್ನು ನೋಡುವುದಿಲ್ಲ. ಪದವನ್ನು ಊಹಿಸಿಕೊಂಡು ಮುಂದೆ ಹೋಗುತ್ತಾನೆ. ಈಗಷ್ಟೇ ಕಲಿಯುತ್ತಿರುವ ಮಗು ಮಾತ್ರ ಬರೆದದ್ದನ್ನು ಬರೆದಂತೆಯೇ ಓದುತ್ತದೆ. ಆದುದರಿಂದ ಕನ್ನಡವು ಅಂಗಹೀನವಾಗಿ ಕಾಣಿಸಿಕೊಂಡಾಗ ನಷ್ಟ ಬಲ್ಲವರಿಗಲ್ಲ, ಕಲಿಯುವವರಿಗೆ. ಅಂದು ಆ ಮಗುವಿಗೆ ನಾವು ಏನೋ ಹೇಳಿ ಮಾತು ತೇಲಿಸಿದೆವು. ಈ ಲೇಖನ ಅಂದಿನ ನಮ್ಮ ಮೌನಕ್ಕೆ ತೆರುತ್ತಿರುವ ದಂಡವೆಂದು ಓದುಗರು ಭಾವಿಸಬೇಕು.

ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಶೂಲಗಿರಿಗಳ ಕನ್ನಡ ಮನೆಗಳ ಸ್ಥಿತಿ ಈ ಸಂಚಿಕೆಯ ಓದುಗರಿಗೆ ನಾವು ಹೇಳಬೇಕಾದುದಲ್ಲ. 2006ರ ತಮಿಳು ಕಲಿಕೆ ಕಾಯ್ದೆಯಂತೆ ಒಂದನೆಯ ತರಗತಿಯಿಂದ ಮೊದಲುಗೊಂಡು ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು; ಆ ಮೊದಲ ತಂಡ 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಉಳಿದ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮ ಕರೆದುಕೊಂಡಿತು. ಮನೆಯಲ್ಲಿ ಕನ್ನಡ ಮಾತನಾಡುವ ಎಷ್ಟೋ ಮಕ್ಕಳಿಗೆ ಕನ್ನಡ ಅಕ್ಷರದ ಹಲಗೆ ಈಗ ಶಾಲೆಯಲ್ಲಿಲ್ಲ. ಅವರು ಆ ಲಿಪಿಯನ್ನು ಕಾಣುವುದು ಗಡಿಯಾಚೆಯಿಂದ ಬರುವ ಬಸ್ಸಿನ ಹಣೆಯಲ್ಲಿ, ಅಂಗಡಿಯ ಮುಂದೆ ಓಡುವ ಫಲಕದಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ, ಅದರೊಳಗಿನ ಆಟದಲ್ಲಿ. ಇವೇ ಅವರ ಸ್ಲೇಟು. ಆ ಸ್ಲೇಟಿನಲ್ಲಿಯೇ ಅಕ್ಷರ ತಪ್ಪಿದ್ದರೆ ತಿದ್ದುವ ಮೇಷ್ಟರು ಯಾರು?

ಒತ್ತು ಹೋದರೆ ಏನು ಹೋಗುತ್ತದೆ ಎಂಬುದನ್ನು ಒಮ್ಮೆ ನೋಡೋಣ. ಹೊಸೂರು ಎಂಬ ಹೆಸರಿನಲ್ಲಿ ಒತ್ತಿಲ್ಲ. ಅದು ಯಾವ ಫಲಕದಲ್ಲಾದರೂ ಸುಖವಾಗಿ ಓಡೀತು. ಕೃಷ್ಣಗಿರಿಯಲ್ಲಿ ವಟ್ರಸುಳಿಯೂ ಇದೆ, ಒತ್ತೂ ಇದೆ. ಕನ್ನಡ ಎಂಬ ಹೆಸರಿನ ನಟ್ಟನಡುವೆಯೇ ಒತ್ತಿದೆ. ಅಮ್ಮ, ಅಪ್ಪ, ಅಣ್ಣ, ಅಕ್ಕ, ಅಜ್ಜ, ಅಜ್ಜಿ ಇವರೆಲ್ಲರೂ ಒತ್ತಿನ ಮೇಲೆ ನಿಂತವರು. ಕೆಳಗಿನ ಒತ್ತನ್ನು ತೆಗೆದರೆ ಅಜ್ಜನು ಅಜನಾಗುತ್ತಾನೆ, ಎಂದರೆ ಆಡಾಗುತ್ತಾನೆ; ಹಳ್ಳಿಯು ರೈಲಿನ ಹಳಿಯಾಗುತ್ತದೆ; ಕತ್ತೆಯು ಕತೆಯಾಗುತ್ತದೆ. ಚುಕ್ಕಿಗಳು ಸಾಲದೆ ಸೀಳುಗಳು ಮುಚ್ಚಿಹೋದರಂತೂ ಹೊಟ್ಟೆ ಸೀಳಿದ ಷಕಾರ ಪಕಾರವಾಗಿ ಭಾಷೆಯು ‘ಭಾಪೆ’ಯಾಗುತ್ತದೆ. ಧಕಾರದ ಸೀಳು ಮುಚ್ಚಿದರೆ ಧನವು ದನವಾಗುತ್ತದೆ. ಇದು ನಗುವ ಮಾತೇ ಸರಿ. ಆದರೆ ಒಂದು ಚುಕ್ಕಿಯ ಬೆಲೆ ಎಷ್ಟೆಂಬುದೂ ಇದರಲ್ಲಿಯೇ ತಿಳಿಯುತ್ತದೆ.

ಈ ದೋಷ ಎಲ್ಲಿಂದ ಬಂತು? ಚುಕ್ಕಿಗಳಿಂದ ಅಕ್ಷರ ಮೂಡಿಸುವ ಪದ್ಧತಿ ಇಂಗ್ಲಿಷ್ ಅಕ್ಷರದ ಅಳತೆಯಲ್ಲಿ ಹುಟ್ಟಿದುದು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಗಲಕ್ಕೆ 5, ಎತ್ತರಕ್ಕೆ 7 ಚುಕ್ಕಿ ಇದ್ದರೆ ಸಾಕು. ಹಳೆಯ ಗಣಕಗಳೂ ಆಟದ ಯಂತ್ರಗಳೂ 8ಕ್ಕೆ 8 ಚುಕ್ಕಿಗಳ ಚೌಕವನ್ನು ಅಕ್ಷರದ ಮನೆಯೆಂದು ಗೊತ್ತುಮಾಡಿಕೊಂಡವು. ಆ ಕಾಲದ ಆಟಗಳ ಚೌಕಚೌಕದ ಅಕ್ಷರಕ್ಕೆ ಈಗ ಮತ್ತೆ ಮೋಹ ಬಂದಿದೆ. ‘ಪ್ರೆಸ್ ಸ್ಟಾರ್ಟ್ ಟು ಪಿ’ ಎಂಬ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಅಕ್ಷರವಿನ್ಯಾಸವು 1980ರ ದಶಕದ ಜಪಾನೀ ಆಟಗಳ ಅಕ್ಷರಗಳನ್ನು ಅನುಸರಿಸಿದುದು. ಅದರಲ್ಲಿ ರೋಮನ್ ಇದೆ, ಗ್ರೀಕ್ ಇದೆ, ರಷ್ಯನ್ನರ ಸಿರಿಲಿಕ್ ಇದೆ, ಕನ್ನಡವಿಲ್ಲ. ಆಟ ರಚಿಸುವ ತರುಣನು ಕನ್ನಡವನ್ನು ಬಯಸಿದರೂ, ಪುಸ್ತಕದ ಪುಟಕ್ಕೆಂದು ಮಾಡಿದ ಅಕ್ಷರವನ್ನೇ ಕುಗ್ಗಿಸಿ ತುರುಕಬೇಕಾಗುತ್ತದೆ. ಕುಗ್ಗಿಸಿದರೆ ಸುಳಿಗಳು ಮುಚ್ಚುತ್ತವೆ. ಕುಗ್ಗಿಸದಿದ್ದರೆ ಒತ್ತು ಕತ್ತರಿಸಿಹೋಗುತ್ತದೆ.

ಇಲ್ಲಿ ಕೆಲವು ವಿದ್ಯಾವಂತರು ಬಾಯಿ ಹಾಕುತ್ತಾರೆ. ‘ನಮ್ಮ ಲಿಪಿಯೇ ಜಟಿಲ. ಒತ್ತಕ್ಷರವನ್ನು ಬಿಟ್ಟು, ಅರ್ಧಾಕ್ಷರವನ್ನು ಪಕ್ಕದಲ್ಲಿ ಬರೆದರೆ ಯಂತ್ರಕ್ಕೆ ಸುಲಭ’ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ನಮಗೆ ನೆನಪಾಗುತ್ತದೆ. ಟೋಪಿ ಚಿಕ್ಕದಾದರೆ ಟೋಪಿಯನ್ನು ಬದಲಿಸಬೇಕೇ, ತಲೆಯನ್ನು ಕೆತ್ತಬೇಕೇ? ಲಿಪಿ ಸುಧಾರಣೆಯ ಚರ್ಚೆ ಬೇರೆ. ಅದನ್ನು ಭಾಷೆ ಬಲ್ಲವರು ಮಾಡಲಿ. ಬಾಡಿಗೆಯ ಫಲಕವೊಂದು ಕನ್ನಡದ ಕಾಗುಣಿತವನ್ನು ನಿರ್ಧರಿಸುವುದು ಬೇಡ.

ಈ ವಿದ್ಯಾವಂತರಿಗೆ ನಾವು ಗ್ರಂಥಗಳನ್ನು ತೋರಿಸುವುದಿಲ್ಲ. ನಮ್ಮ ಮನೆಯ ಬಾಗಿಲನ್ನು ತೋರಿಸುತ್ತೇವೆ. ಅಲ್ಲಿ ನಮ್ಮ ತಾಯಿಯವರು ಹೆಣೆದ ಮಣಿತೋರಣ ಇಂದಿಗೂ ತೂಗುತ್ತಿದೆ. ಬಿಳಿಯ ಮಣಿಗಳ ನೆಲದ ಮೇಲೆ ಕೆಂಪು ಮಣಿಗಳಲ್ಲಿ ‘ಸುಸ್ವಾಗತ’ ಎಂದಿದೆ. ಸಮಾರಂಭದ ಮರುದಿನ ಸ್ಟೂಲು ಹತ್ತಿ ಎಣಿಸಿ ನೋಡಿದೆವು. ಅಕ್ಷರದ ಎತ್ತರ ಮೇಲಿನಿಂದ ಕೆಳಗೆ 15 ಮಣಿ. ‘ಸ್ವಾ’ ಎಂಬಲ್ಲಿಯ ವಕಾರದ ಒತ್ತು 4 ಮಣಿಗಳ ಎತ್ತರದಲ್ಲಿ ಅಚ್ಚುಕಟ್ಟಾಗಿ ಕುಳಿತಿದೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು, ಗಣಕವೆಂಬ ಮಾತನ್ನೇ ಕೇಳದವರು, ನಡುಮನೆಯ ಕಂಬಕ್ಕೆ ಒರಗಿ ಕುಳಿತು ಮಾಡಿದ ಕೆಲಸವಿದು. ಚೌಕದ ಬಟ್ಟೆಯ ಮೇಲೆ ಎಳೆ ಎಣಿಸಿ ಮೆಂತಿ ಹೊಲಿಗೆ ಹಾಕುವ ಉತ್ತರ ಕರ್ನಾಟಕದ ಕಸೂತಿಯವರು, ಮುಂಬಾಗಿಲಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ನಮ್ಮ ಹೆಣ್ಣುಮಕ್ಕಳು, ಇವರೆಲ್ಲರಿಗೂ ಈ ಲೆಕ್ಕ ಗೊತ್ತು. ಚುಕ್ಕಿಯಲ್ಲಿ ಕನ್ನಡ ಮೂಡುವುದಿಲ್ಲ ಎನ್ನುವವರು ಒಮ್ಮೆ ತಮ್ಮ ಮನೆಯ ಹಳೆಯ ಟ್ರಂಕನ್ನು ತೆರೆದು ನೋಡಲಿ.

ನಮ್ಮ ಊರುಗಳ ಅಂಗಡಿಗಳ ಮುಂದೆ ಸಾಮಾನ್ಯವಾಗಿ ಕಾಣುವ ‘ಪಿ10’ ಎಂಬ ಎಲ್‌ಇಡಿ ಹಲಗೆಯಲ್ಲಿ ಅಗಲಕ್ಕೆ 32, ಎತ್ತರಕ್ಕೆ 16 ಚುಕ್ಕಿಗಳಿರುತ್ತವೆ. ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರ್. ನಮ್ಮ ತಾಯಿಯವರಿಗೆ ಇದ್ದುದಕ್ಕಿಂತ ಒಂದು ಸಾಲು ಹೆಚ್ಚೇ ಇದೆ! ಮೇಲಿನ 4 ಸಾಲು ತಲೆಕಟ್ಟು, ಗುಡಿಸು, ಎತ್ವಗಳಿಗೆ. ನಡುವಿನ 7 ಸಾಲು ಅಕ್ಷರದ ಮೈಗೆ. ಕೆಳಗಿನ 5 ಸಾಲು ಒತ್ತಿಗೆ. ಒಟ್ಟು 16. ‘ರಾಷ್ಟ್ರ’ದಂತಹ ಪದ ಬಂದಾಗ ಎರಡು ಒತ್ತುಗಳನ್ನು ಒಂದರ ಕೆಳಗೊಂದು ಇಡದೆ ಒಂದರ ಪಕ್ಕದಲ್ಲೊಂದು ಇಡಬೇಕು, ಕೈಬರಹದಲ್ಲಿ ನಾವು ಮಾಡುವುದೂ ಅದನ್ನೇ. ಹೀಗೆ ಲೆಕ್ಕ ಸರಿಹೋಗುತ್ತದೆ. ಕೊರತೆ ಇರುವುದು ಚುಕ್ಕಿಗಳಿಗಲ್ಲ. ಕುಳಿತು ಲೆಕ್ಕ ಹಾಕುವವರಿಗೆ.

ಹೊರಗಿನವರು ಕುಳಿತು ಲೆಕ್ಕ ಹಾಕಿದರು. 1984ರಲ್ಲಿ ಹೊರಬಂದ ಮ್ಯಾಕಿಂಟಾಷ್ ಗಣಕದ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ರೂಪಿಸಿದವರು ಸೂಸನ್ ಕೇರ್ ಎಂಬ ಕಲಾವಿದೆ. ಮೊಸಾಯಿಕ್ ಮತ್ತು ಸೂಜಿಯ ಕಸೂತಿಗೂ ಈ ಕೆಲಸಕ್ಕೂ ಹತ್ತಿರದ ನಂಟಿದೆಯೆಂದು ಅವರೇ ಹೇಳಿಕೊಂಡಿದ್ದಾರೆ. ಜಪಾನೀಯರ ಕಷ್ಟ ನಮ್ಮದಕ್ಕಿಂತ ದೊಡ್ಡದು. ಅವರ ಕಾಂಜಿ ಅಕ್ಷರಗಳು ಸಾವಿರಾರು. ಆರಂಭದ ಆಟದ ಯಂತ್ರಗಳಲ್ಲಿ ಅವರೂ ಕಾಂಜಿಯನ್ನು ಬಿಟ್ಟು ಸರಳವಾದ ಕಾನಾ ಅಕ್ಷರಗಳಲ್ಲಿಯೇ ಬರೆದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. 16 ಚುಕ್ಕಿಗಳ ಚೌಕದಲ್ಲಿ ಯಾವ ಅಕ್ಷರ ಹೇಗಿರಬೇಕೆಂದು 1984ರಲ್ಲಿಯೇ ರಾಷ್ಟ್ರೀಯ ಮಾನಕವನ್ನು ಮಾಡಿದರು. ತಮ್ಮ ಅಕ್ಷರವನ್ನು ಯಂತ್ರಕ್ಕೆ ಒಪ್ಪಿಸಲಿಲ್ಲ. ಯಂತ್ರವನ್ನು ಅಕ್ಷರಕ್ಕೆ ಒಗ್ಗಿಸಿದರು.

ಕನ್ನಡಕ್ಕೆ ಚುಕ್ಕಿಯಕ್ಷರವೇ ಇಲ್ಲವೆಂದರೆ ಸುಳ್ಳಾದೀತು. ರೋಮನ್ ಚಿಬೊರ್ರಾ ಎಂಬವರು 1998ರಲ್ಲಿ ಆರಂಭಿಸಿದ ‘ಯೂನಿಫಾಂಟ್’ ಎಂಬ ಸಂಗ್ರಹದಲ್ಲಿ ಜಗತ್ತಿನ ಲಿಪಿಗಳೆಲ್ಲ 16 ಚುಕ್ಕಿಗಳ ಎತ್ತರದಲ್ಲಿವೆ. ಕನ್ನಡದ ವರ್ಣಗಳೂ ಇವೆ. ಪುಣ್ಯದ ಕೆಲಸ, ಸಂದೇಹವಿಲ್ಲ. ಆದರೆ ಅದರಲ್ಲಿರುವುದು ಬಿಡಿ ವರ್ಣಗಳು. ಅವನ್ನು ಕೂಡಿಸಿ ಒತ್ತಕ್ಷರ ಮಾಡುವ ವ್ಯವಸ್ಥೆ ಇಲ್ಲ. ಇಟ್ಟಿಗೆ ಇದೆ, ಗಾರೆ ಇಲ್ಲ. ಒಬ್ಬ ಪರಕೀಯನು ಜಗತ್ತಿನ ಎಲ್ಲ ಲಿಪಿಗಳಿಗೂ ಎಡೆ ಹಾಕುವಾಗ ಕನ್ನಡಕ್ಕೂ ಒಂದು ತುತ್ತು ಇಟ್ಟನು. ಉಳಿದ ಊಟವನ್ನು ನಾವೇ ಬಡಿಸಿಕೊಳ್ಳಬೇಕಾಗಿತ್ತು, ಬಡಿಸಿಕೊಳ್ಳಲಿಲ್ಲ.

ಇನ್ನು ನಮ್ಮ ವಾರಿಗೆಯ ಹಿರಿಯರ ಆಕ್ಷೇಪ. ‘ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮಕ್ಕಳ ಆಟದ ಅಕ್ಷರದ ಮಾತೇಕೆ? ಪಂಪ, ಕುಮಾರವ್ಯಾಸರ ಭಾಷೆಗೆ ಇದೂ ಒಂದು ಕೊರತೆಯೇ?’ ಎಂದು ಮಿತ್ರರೊಬ್ಬರು ಕೇಳಿದರು. ಅವರಿಗೆ ನಾವು ಹೇಳುವ ಉತ್ತರ ಮನೆಯೊಳಗಿನದೇ. ಮೊಮ್ಮಗ ತನ್ನ ಮೊಬೈಲಿನ ಆಟವೊಂದರಲ್ಲಿ ಭಾಷೆಗಳ ಪಟ್ಟಿ ತೆರೆದು, ಕನ್ನಡವನ್ನು ಕಂಡು, ಕುಣಿಯುತ್ತ ಬಂದು ನಮಗೆ ತೋರಿಸಿದ. ಆರಿಸಿದ. ‘ಮತ್ತೆ ಆಡು’ ಎಂಬುದು ‘ಮತ್‌ತೆ ಆಡು’ ಎಂದು ಬಂತು. ಅವನು ಅದನ್ನು ಎರಡು ಸಲ ಓದಿದ, ಮುಖ ಸಿಂಡರಿಸಿದ, ‘ಇಂಗ್ಲಿಷೇ ಇರಲಿ ತಾತ’ ಎಂದು ಹಿಂದಕ್ಕೆ ಬದಲಿಸಿಕೊಂಡ. ಎರಡು ನಿಮಿಷದ ಮಾತು. ಆ ಎರಡು ನಿಮಿಷದಲ್ಲಿ ಕನ್ನಡ ತಾನಾಗಿಯೇ ಬಂದ ಮಗುವನ್ನು ಹೊರಗೆ ಕಳುಹಿಸಿತು. ಪಂಪನನ್ನು ಓದಬೇಕಾದವನು ಮುಂದೆ ಇವನೇ ಅಲ್ಲವೇ? ಕಿರುಬಾಗಿಲಿನಲ್ಲಿಯೇ ಎಡವಿದವನು ನಡುಮನೆಗೆ ಬರುವುದು ಹೇಗೆ?

ನೆರೆಯ ತಮಿಳರನ್ನು ನೋಡಿ ಕರುಬುವ ಮಾತು ನಮ್ಮಲ್ಲಿ ಬಹಳ. ‘ಅವರ ಲಿಪಿಗೆ ಒತ್ತಿಲ್ಲ, ಪುಳ್ಳಿ ಇಟ್ಟರೆ ಮುಗಿಯಿತು, ಅದಕ್ಕೇ ಫಲಕಗಳಲ್ಲಿ ಚೆನ್ನಾಗಿ ಕಾಣುತ್ತದೆ’ ಎನ್ನುತ್ತೇವೆ. ಅದು ಅರ್ಧ ನಿಜ. ಉಳಿದರ್ಧ ಅವರ ಶ್ರಮ. 1978ರಲ್ಲಿ ತಮಿಳುನಾಡು ಸರಕಾರ ಕೆಲವು ಅಕ್ಷರರೂಪಗಳನ್ನು ಸರಳಗೊಳಿಸಿತು. 1999ರಲ್ಲಿ ಚೆನ್ನೈಯಲ್ಲಿ ‘ತಮಿಳ್‌ನೆಟ್ 99’ ಸಮ್ಮೇಳನ ಸೇರಿ, ದೇಶ ವಿದೇಶಗಳ ತಮಿಳರು ಕೀಲಿಮಣೆಯಂತಹ ಸಂಗತಿಗಳನ್ನೇ ಚರ್ಚೆಗೆ ಇಟ್ಟುಕೊಂಡರು. ಕವಿಗೋಷ್ಠಿಗೆ ಇರುವ ಮರ್ಯಾದೆಯನ್ನು ಕೀಲಿಮಣೆಗೂ ಕೊಟ್ಟರು. ಅವರ ನೆಲದಲ್ಲಿ ಬಾಳುತ್ತಿರುವ ನಾವು ಅವರಿಂದ ಕಲಿಯಬೇಕಾದ ಪಾಠ ಇದು. ದೂರುವುದರಿಂದ ನಮ್ಮ ಒತ್ತು ಮರಳಿ ಬರುವುದಿಲ್ಲ.

ನಮ್ಮವರಿಗೂ ಅಂತಹ ಪರಂಪರೆ ಇಲ್ಲದಿಲ್ಲ. ಕನ್ನಡವು ಹೊಸ ಹೊಸ ಮೈಗಳ ಮೇಲೆ ಬರೆಯಿಸಿಕೊಂಡೇ ಬಂದ ಭಾಷೆ. ಹೊಯ್ಸಳ ರಾಮನಾಥನು ಆಳಿದ ಕುಂದಾಣಿ ನಮ್ಮ ಪಕ್ಕದಲ್ಲಿಯೇ ಇದೆ. ಈ ಸೀಮೆಯ ಶಾಸನಗಳಲ್ಲಿ ಕನ್ನಡವೂ ತಮಿಳೂ ಅಕ್ಕಪಕ್ಕ ಬಾಳಿವೆ. ಕಲ್ಲುಕುಟಿಗನು ಕಲ್ಲು ಗಟ್ಟಿಯೆಂದು ಒತ್ತನ್ನು ಬಿಡಲಿಲ್ಲ. ತಾಳೆಗರಿಯಲ್ಲಿ ನೇರ ಗೆರೆ ಎಳೆದರೆ ಗರಿ ಸೀಳುವುದರಿಂದ ಅಕ್ಷರ ದುಂಡಾಯಿತೆಂದು ಬಲ್ಲವರು ಹೇಳುತ್ತಾರೆ. ದುಂಡಾಯಿತೇ ಹೊರತು ತುಂಡಾಗಲಿಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ತಂದರು. ಮೊಳೆ ಜೋಡಿಸುವವರು ನೂರಾರು ಖಾನೆಗಳ ಪೆಟ್ಟಿಗೆಯ ಮುಂದೆ ನಿಂತು ಒತ್ತನ್ನು ಹುಡುಕಿ ಹುಡುಕಿ ಜೋಡಿಸಿದರು. ಗಣಕ ಬಂದಾಗ ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯನ್ನು ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಬಳಿಕ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಇವರಾರೂ ಯಂತ್ರದ ಮುಂದೆ ಕೈಕಟ್ಟಿ ನಿಂತವರಲ್ಲ. ಇವರ ಶ್ರಮದಿಂದ ಪುಟದ ಮೇಲೆ ಕನ್ನಡ ಗೆದ್ದಿತು. ಚುಕ್ಕಿಯ ಮೇಲೆ ಗೆಲ್ಲಿಸುವ ಪಾಳಿ ನಮ್ಮದು.

ದೂರಿದ್ದು ಸಾಕು, ಮಾಡಬೇಕಾದುದನ್ನು ಹೇಳುತ್ತೇವೆ. ಒಂದು ಪೂರ್ಣ ಚುಕ್ಕಿಯಕ್ಷರದ ಕುಟುಂಬಕ್ಕೆ ಎಷ್ಟು ರೂಪಗಳು ಬೇಕು? 34 ವ್ಯಂಜನಗಳಿಗೆ ತಲಾ 13 ಗುಣಿತಾಕ್ಷರಗಳಂತೆ 442. ಅರ್ಧಾಕ್ಷರ 34, ಒತ್ತು 34, ಸ್ವರ 13, ಅನುಸ್ವಾರ ವಿಸರ್ಗಗಳು 2, ಅಂಕಿ 10, ಅರ್ಕಾವೊತ್ತು 1. ಒಟ್ಟು 536. ಎಲ್ಲವನ್ನೂ ಬೇರೆಬೇರೆಯಾಗಿ ಬರೆದರೂ ಇಷ್ಟೇ. ನಮ್ಮ ಸಂಘದ 60 ಮನೆಗಳು ತಲಾ 9 ಅಕ್ಷರ ಬರೆದರೆ ಇನ್ನೂ ನಾಲ್ಕು ಹೆಚ್ಚಾಗುತ್ತವೆ. ಬೇಕಾದ ಸಾಮಗ್ರಿ, ಮಕ್ಕಳು ಗಣಿತಕ್ಕೆ ಬಳಸುವ ಚೌಕಳಿ ನೋಟುಬುಕ್ಕು ಮತ್ತು ಒಂದು ಪೆನ್ಸಿಲು. 16ಕ್ಕೆ 16 ಚೌಕ ಗುರುತಿಸಿ, ಚೌಕ ತುಂಬುತ್ತ ಹೋಗುವುದು. ಮಣಿ ಹೆಣೆದ ಅಜ್ಜಿಯರು ಪಕ್ಕದಲ್ಲಿ ಕುಳಿತರೆ ಇನ್ನೂ ಒಳ್ಳೆಯದು. ಅರವತ್ತು ಕೈಗಳ ಬರಹ ಅರವತ್ತು ಬಗೆಯಾಗುವುದು ಸಹಜ. ಅದನ್ನು ಒಂದೇ ಹದಕ್ಕೆ ತರಲು ಕೊನೆಗೆ ಒಬ್ಬರದೇ ಕಣ್ಣು ಬೇಕು. ನಮ್ಮ ಮನೆಗಳಲ್ಲಿಯೇ ಗಡಿಯಾಚೆಯ ಸಾಫ್ಟ್‌ವೇರ್ ಕಂಪನಿಗಳಿಗೆ ದಿನವೂ ಬಸ್ಸು ಹತ್ತುವ ಮಕ್ಕಳಿದ್ದಾರೆ. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಈ ರೂಪಗಳನ್ನು ಸೇರಿಸಿ, ಯೂನಿಕೋಡ್ ಕ್ರಮದಲ್ಲಿ ಒತ್ತುಗಳು ಕೂಡುವ ನಿಯಮಗಳನ್ನು ಬರೆಯುವುದು ಅವರ ಪಾಲಿನ ಕೆಲಸ. ಕೆಲವು ಭಾನುವಾರಗಳು ಬೇಕಾದಾವು.

ಒಂದು ಅಕ್ಷರಕ್ಕೆ 256 ಚುಕ್ಕಿ, ಎಂದರೆ 32 ಬೈಟು. 536 ಅಕ್ಷರಗಳಿಗೆ 17,152 ಬೈಟು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದಕ್ಕಿಂತ ನೂರುಪಟ್ಟು ದೊಡ್ಡದು. ಸನ್ಮಾನದ ಒಂದು ಫೋಟೋಗೆ ಕೊಡುವ ಜಾಗದ ನೂರರಲ್ಲೊಂದು ಪಾಲನ್ನು ಅಕ್ಷರಕ್ಕೆ ಕೊಡಲಾರದಷ್ಟು ಬಡವರೇ ನಾವು?

ಹೀಗೆ ಸಿದ್ಧವಾದುದನ್ನು ಮಾರುವುದು ಬೇಡ. ಓಪನ್ ಫಾಂಟ್ ಲೈಸೆನ್ಸ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಡೋಣ. ಆಟ ಮಾಡುವ ಹುಡುಗನು, ಫಲಕ ಬಾಡಿಗೆಗೆ ಕೊಡುವವನು, ಕಾಸರಗೋಡಿನ ಕನ್ನಡಿಗನು, ಕಡಲಾಚೆಯ ಕನ್ನಡ ಕೂಟದವನು, ಯಾರು ಬೇಕಾದರೂ ಕೇಳದೆ ಬಳಸಲಿ. ಅದುವರೆಗೆ ನಮ್ಮ ಸಂಘವು ಇನ್ನೊಂದು ನಿರ್ಣಯವನ್ನು ಇದೇ ಸಮ್ಮೇಳನದಲ್ಲಿ ಕೈಗೊಳ್ಳಲಿ. ಒತ್ತು ಕತ್ತರಿಸುವ ಫಲಕವನ್ನು ಯಾವ ಕಾರ್ಯಕ್ರಮಕ್ಕೂ ಬಾಡಿಗೆಗೆ ತರಬಾರದು. ಬಟ್ಟೆಯ ಬ್ಯಾನರು ಸಾಕು. ಬಣ್ಣದಲ್ಲಿ ಬರೆಯುವ ಕೈಗಳು ನಮ್ಮಲ್ಲಿ ಇನ್ನೂ ಇವೆ.

ಈ ಲೇಖನವನ್ನು ಮುಗಿಸುವ ಹೊತ್ತಿಗೆ ಮೊಮ್ಮಗನ ಮುಂದೆ ಒಂದು ಚೌಕಳಿ ಹಾಳೆ ಇಟ್ಟು, ‘ಕನ್ನಡ’ ಎಂದು ಬರೆ ಎಂದೆವು. ಮೂರು ಸಲ ಅಳಿಸಿದ. ನಾಲ್ಕನೆಯ ಸಲ ನಕಾರದ ಕೆಳಗೆ ಒತ್ತು ಸರಿಯಾಗಿ ಕುಳಿತಿತು. ಆ ಹಾಳೆಯನ್ನು ಸಮ್ಮೇಳನಕ್ಕೆ ತರುತ್ತಿದ್ದೇವೆ. ಇನ್ನು ಬೇಕಾಗಿರುವುದು ಉಳಿದ ಐನೂರ ಮೂವತ್ತಕ್ಕೂ ಮಿಕ್ಕ ಅಕ್ಷರಗಳು. ಬರುವಾಗ ಪ್ರತಿಯೊಬ್ಬರೂ ಒಂದೊಂದು ಚೌಕಳಿ ನೋಟುಬುಕ್ಕು ತನ್ನಿರಿ.